ಬೈಗುವಾನಿನ ಆಮೆಚಿಪ್ಪು

ಏಪ್ರಿಲ್ ಹದಿನಾಲ್ಕು, ಸೋಮವಾರ, ಬೆಳಗ್ಗೆ ಎಂಟೂವರೆ. ಬೈಗುವಾನ್ ಪೊಲೀಸ್ ಠಾಣೆಯಲ್ಲಿ ಕಾನ್‌ಸ್ಟೇಬಲ್ ಪಾಂಗ್ ಖಾರದ ಹೂಲಾತಾಂಗ್ ಸಾರಿನ ಬಟ್ಟಲಿಗೆ ಆಗಷ್ಟೇ ಬಾಯಿ ಇಟ್ಟಿದ್ದ. ಮೊಣಕಾಲವರೆಗೆ ಕರಿಮಣ್ಣು ಮೆತ್ತಿಕೊಂಡ ನಡುವಯಸ್ಸಿನ ಹೆಂಗಸೊಬ್ಬಳು ಬಂದು ಅವನ ಮೇಜಿನ ಮುಂದೆ ನಿಂತಳು.

"ಕಳ್ಳತನದ ದೂರು ಕೊಡ್ಬೇಕು."

"ಏನು ಹೋಗಿದೆ?"

"ಒಂದು ಆಮೆಚಿಪ್ಪು."

"ಯಾವತ್ತಿಂದ ಕಾಣ್ತಿಲ್ಲ?"

"ಕಾಣ್ತಿದೆ. ಪೆಟ್ಟಿಗೇಲೇ ಇದೆ. ಆದ್ರೆ ಅದು ನಮ್ಮದಲ್ಲ."

ಪಾಂಗ್ ಪೆನ್ನು ಕೆಳಗಿಟ್ಟು ಸಾರಿನ ಕಡೆ ನೋಡಿದ. ಅದು ಆರುತ್ತಿತ್ತು. ಒಳಕೋಣೆಯಿಂದ ಇನ್ಸ್‌ಪೆಕ್ಟರ್ ಗೆಂಗ್ ಶುಲಾನ್ ಎದ್ದು ಬಂದಳು. ಠಾಣೆಯಲ್ಲಿ ಎಲ್ಲರೂ ಅವಳನ್ನು ಗೆಂಗ್ ಅಕ್ಕ ಅನ್ನುತ್ತಾರೆ. ಐವತ್ತೆರಡು ವರ್ಷ, ದಪ್ಪ ಕನ್ನಡಕ, ಮೇಲಿನವರ ಮಾತಿಗೆ ತಲೆ ಆಡಿಸುವ ಅಭ್ಯಾಸ ಕಡಮೆ. ಅದಕ್ಕೇ ಹದಿನೈದು ವರ್ಷದಿಂದ ಇದೇ ಊರಲ್ಲಿ ಕೊಳೆಯುತ್ತಿದ್ದಾಳೆ ಎಂದು ಅವಳ ಗಂಡ ಊಟಕ್ಕೆ ಕೂತಾಗಲೆಲ್ಲ ಹೇಳುತ್ತಾನೆ.

ದೂರುದಾರಳ ಹೆಸರು ಓಯಾಂಗ್ ಮಿನ್. ಶಾ ನದಿಯ ದಂಡೆಯ ಹೆಯೂ ಹಳ್ಳಿಯಲ್ಲಿ ಉತ್ಖನನ ನಡೆಸುತ್ತಿರುವ ಪುರಾತತ್ವ ತಂಡದ ಮುಖ್ಯಸ್ಥೆ. ಮೂರು ವರ್ಷದ ಕೆಳಗೆ ಅಲ್ಲಿಯ ಒಂದು ಗೋರಿಯಲ್ಲಿ, ಎಂಟು ಸಾವಿರ ವರ್ಷದ ಹಿಂದೆ ಮಣ್ಣಾದ ಮುದುಕನೊಬ್ಬನ ಕೈ ಪಕ್ಕದಲ್ಲಿ ಆ ಚಿಪ್ಪು ಸಿಕ್ಕಿತ್ತು. ಅದರ ಮೇಲೆ ಯಾರೋ ಚೂಪುಗಲ್ಲಿನಲ್ಲಿ ಒಂದು ಚೌಕ ಕೊರೆದು, ಒಳಗೆ ಒಂದು ಅಡ್ಡಗೀರು ಹಾಕಿದ್ದರು. ಇವತ್ತಿಗೂ ನಾವು ಚೀನೀ ಲಿಪಿಯಲ್ಲಿ 'ದಿನ' ಎಂದು ಬರೆಯುವುದು ಹೆಚ್ಚುಕಡಮೆ ಹಾಗೇ. ಓಯಾಂಗ್ ಅದನ್ನು ಅಕ್ಷರ ಅಂದಳು. ರಾಜಧಾನಿಯ ತಜ್ಞರ ಸಮಿತಿ, ಒಂಟಿ ಗೀರಿಗೆಲ್ಲ ಅಕ್ಷರ ಅನ್ನುವ ಮರ್ಯಾದೆ ಇಲ್ಲ, ಅದು ಬರಿಯ ಗುರುತು ಅಂದಿತು.

"ಅಕ್ಷರ ಆದ್ರೇನು, ಗುರುತು ಆದ್ರೇನು? ಮುದುಕ ಸತ್ತು ಎಂಟು ಸಾವಿರ ವರ್ಷ ಆಯ್ತಲ್ಲ," ಅಂದ ಪಾಂಗ್.

"ಅಕ್ಷರ ಆದ್ರೆ ಅದನ್ನ ಮುಟ್ಟೋಕೂ ಅಪ್ಪಣೆ ಬೇಕು. ಅಕ್ಷರ ಅಲ್ಲ ಅಂದ್ರೆ ಅದು ಪ್ರಾಣಿ ಅವಶೇಷ. ಕೋಳಿ ಮೂಳೆ, ಹಂದಿ ಹಲ್ಲಿನ ಸಾಲಿಗೆ ಹೋಗುತ್ತೆ. ಬುಧವಾರ ಸಮಿತಿಯ ಪ್ರಯೋಗಶಾಲೆಯೋರು ಬರ್ತಿದಾರೆ, ಬೈರಿಗೆ ಹಾಕಿ ಕೊರೆದು ವಯಸ್ಸಿನ ಪರೀಕ್ಷೆಗೆ ಪುಡಿ ತಗೊಂಡು ಹೋಗೋಕೆ. ಅದಕ್ಕೇ ಇವತ್ತು ಪೆಟ್ಟಿಗೆ ತೆಗೆದೆ. ನೋಡಿದ್ರೆ ಇದು."

"ನಿಮ್ಮದಲ್ಲ ಅಂತ ಹೇಗೆ ಗೊತ್ತು?" ಗೆಂಗ್ ಕೇಳಿದಳು.

"ಉಸಿರು ಬಿಟ್ರೆ ನಮ್ಮ ಚಿಪ್ಪು ಕೆರೆ ತಳದ ವಾಸನೆ ಹೊಡೀತಿತ್ತು. ಇದು ಹೊಡೆಯಲ್ಲ."

"ವಾಸನೆ ಅಂತ ಬರ್ಕೊಳ್ಲಾ ಅಕ್ಕ?" ಪಾಂಗ್ ನಗು ತಡೆದುಕೊಂಡು ಕೇಳಿದ.

"ಬರ್ಕೊ."

ದೂರು ಬರೆದು ಮುಗಿಯುವ ಮೊದಲೇ ಜಿಲ್ಲಾ ಕಚೇರಿಯಿಂದ ಫೋನು ಬಂತು. ಉಪಾಧೀಕ್ಷಕ ಲುವಾನ್. ಅಷ್ಟು ಬೇಗ ಯಾರು ಕಿವಿಗೆ ಹಾಕಿದರೋ, ಸುದ್ದಿಗೆ ಕಾಲು ಜಾಸ್ತಿ.

"ಗೆಂಗ್, ಆ ಹೆಂಗಸು ನಾಟಕ ಆಡ್ತಿದಾಳೆ. ಪರೀಕ್ಷೆ ಆದ್ರೆ ತನ್ನ ಬಂಡವಾಳ ಬಯಲಾಗುತ್ತೆ ಅಂತ ಭಯ. ಸಮಿತಿ ಅಧ್ಯಕ್ಷರೇ ಹೇಳಿದ್ರು. ಏನೂ ಕಾಣೆಯಾಗಿಲ್ಲ, ಎಫ್‌ಐಆರ್ ಹಾಕ್ಬೇಡ."

"ಅದೇ ಚಿಪ್ಪು ಅಂತ ಗೊತ್ತಾದ್ರೆ ಸುಳ್ಳು ದೂರು ಕೊಟ್ಟಿದ್ದಕ್ಕೆ ಆಕೆ ಮೇಲೇ ಹಾಕ್ತೀನಿ ಸಾರ್. ಗೊತ್ತಾಗೋಕೆ ತನಿಖೆ ಆಗ್ಬೇಕು. ತನಿಖೆಗೆ ಎಫ್‌ಐಆರ್ ಬೇಕು."

"ನಿನ್ನ ನಿವೃತ್ತಿಗೆ ಇನ್ನೆಷ್ಟು ವರ್ಷ ಇದೆ?"

"ಈ ಕೇಸು ಮುಗಿಸೋಕೆ ಬೇಕಾದಷ್ಟಿದೆ ಸಾರ್."

ಆ ಕಡೆ ಫೋನು ಕುಕ್ಕಿದ ಸದ್ದಾಯಿತು. ಹತ್ತು ಗಂಟೆಗೆ ಎಫ್‌ಐಆರ್ ದಾಖಲಾಯಿತು.

ಹೆಯೂ ಹಳ್ಳಿಯ ಉಗ್ರಾಣ ಹಿಂದೆ ಶಾಲೆಯಾಗಿದ್ದ ಕಟ್ಟಡ. ಬಾಗಿಲಿಗೆ ಎರಡು ಬೀಗ. ಒಂದರ ಕೀಲಿ ಓಯಾಂಗಳ ಬಳಿ, ಇನ್ನೊಂದರದು ಉಗ್ರಾಣಿಕ ಛೈ ಬಳಿ. ಇಬ್ಬರೂ ಸೇರಿದರೆ ಮಾತ್ರ ಬಾಗಿಲು ತೆಗೆಯುತ್ತದೆ, ಒಳಗೆ ಯಾರೇ ಬರಲಿ ಇಬ್ಬರೂ ಪಕ್ಕದಲ್ಲಿರಬೇಕು. ಅದು ನಿಯಮ. ಬೀಗಗಳನ್ನು ಯಾರೂ ಒಡೆದಿರಲಿಲ್ಲ, ಕಿಟಕಿಯ ಸರಳುಗಳ ಮೇಲಿನ ಧೂಳೂ ಕದಲಿರಲಿಲ್ಲ. ಪಂಚರಾಗಿ ಹಳ್ಳಿಯ ಕಾರ್ಯದರ್ಶಿ ಬಿಯಾನ್ ಮತ್ತು ಎದುರಿನ ನೂಡಲ್ಸ್ ಅಂಗಡಿಯ ಹೆಂಗಸು ಬಂದು ನಿಂತರು.

ಬಿಯಾನನಿಗೆ ತನ್ನದೇ ದುಃಖ. "ಊರ ಬಾಗಿಲ ಗೋಡೆ ಮೇಲೆ 'ಅಕ್ಷರ ಹುಟ್ಟಿದ ಊರು' ಅಂತ ದೊಡ್ಡದಾಗಿ ಬರೆಸಿದ್ದೆ ಮೇಡಂ. ಸಮಿತಿಯೋರು ಅಳಿಸು ಅಂದ್ರು. ಸುಣ್ಣ ಬಳಿದೆ. ಈಗ ಏನಂತ ಬರೆಸ್ಲಿ, ಗೀರು ಹುಟ್ಟಿದ ಊರು ಅಂತನಾ?"

"ಸುಮ್ನೆ ಸಹಿ ಹಾಕ್ರಿ," ಅಂದಳು ಗೆಂಗ್.

ಅವಳು ಪಂಚನಾಮೆಯನ್ನು ಅಂಗಳದ ಕಲ್ಲುಬೆಂಚಿನ ಮೇಲೆ ಕೂತು ಬರೆಸುತ್ತಿದ್ದಳು. ಒಂದು ಕೈಯಲ್ಲಿ ಪೆಟ್ಟಿಗೆಯಲ್ಲಿದ್ದ ಚಿಪ್ಪು, ಇನ್ನೊಂದರಲ್ಲಿ ಭೂತಗನ್ನಡಿ. ಮಡಿಲಲ್ಲಿ ಮೂರು ವರ್ಷದ ಹಿಂದೆ ಸೂಕ್ಷ್ಮದರ್ಶಕದಿಂದ ತೆಗೆದ ಫೋಟೋ. ಎರಡೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ಹಾಗೆ ಕಂಡವು. ಅದೇ ಚೌಕ, ಅದೇ ಓರೆ, ಅಡ್ಡಗೀರು ಬಲಗೋಡೆಯನ್ನು ಒಂಚೂರು ದಾಟಿದ್ದೂ ಅದೇ. ವಾಸನೆ ನಂಬಿಕೊಂಡು ಎಫ್‌ಐಆರ್ ಹಾಕಿದೆನಲ್ಲ ಎಂದು ಅವಳಿಗೆ ಒಳಗೊಳಗೇ ಅಳುಕಾಯಿತು. ಲುವಾನ್ ಸುಮ್ಮನೆ ಬಿಡುವ ಆಸಾಮಿಯಲ್ಲ.

ಪಕ್ಕದಲ್ಲಿ ಪಾಂಗ್ ತಾರೀಕು ಬರೆಯುತ್ತಿದ್ದ. ಗೆಂಗ್ ಸುಮ್ಮನೆ ಅವನ ಕೈ ನೋಡಿದಳು. 'ದಿನ' ಬಂತು. ಎಡಗೋಡೆ ಎಳೆದ. ಮೇಲ್ಛಾವಣಿಯನ್ನೂ ಬಲಗೋಡೆಯನ್ನೂ ಒಂದೇ ಏಟಿಗೆ ಎಳೆದ. ಒಳಗಿನ ಅಡ್ಡಗೀರು ಹಾಕಿದ. ಕಟ್ಟಕಡೆಗೆ ಕೆಳಗಿನ ಗೆರೆ ಎಳೆದು ಮುಚ್ಚಿದ.

"ಇನ್ನೊಂದು ಸಲ ಬರಿ."

"ಯಾಕಕ್ಕ, ತಪ್ಪಾಯ್ತಾ?"

"ತಪ್ಪಾಗಿಲ್ಲ. ಕೆಳಗಿನ ಗೆರೆ ಯಾಕೆ ಕೊನೇಲಿ ಹಾಕ್ದೆ?"

ಪಾಂಗ್ ಅವಳ ಮುಖವನ್ನೇ ನೋಡಿದ, ಅಕ್ಕನಿಗೆ ಬಿಸಿಲು ತಲೆಗೇರಿತೇ ಎನ್ನುವ ಹಾಗೆ. "ಎಲ್ರೂ ಹಾಗೇ ತಾನೇ ಹಾಕೋದು? ಒಳಗಿನೋರು ಒಳಗೆ ಬಂದ್ಮೇಲೆ ಬಾಗ್ಲು ಹಾಕು. ಒಂದನೇ ಕ್ಲಾಸಲ್ಲಿ ಮೇಡಂ ಬೆರಳ ಗಂಟಿಗೆ ಕೊಟ್ಟು ಕಲಿಸಿಲ್ವಾ?"

ಗೆಂಗ್ ಫೋಟೋವನ್ನು ಕಣ್ಣಿಗೆ ಹತ್ತಿರ ಹಿಡಿದಳು. ಕೊರೆದ ಗೆರೆಗಳು ಕೂಡುವ ಕಡೆ, ಆಮೇಲೆ ಹಾಕಿದ ಗೆರೆ ಮೊದಲು ಹಾಕಿದ್ದನ್ನು ಕತ್ತರಿಸಿಕೊಂಡು ಹೋಗಿರುತ್ತದೆ. ಗೋರಿಯ ಮುದುಕ ಮೊದಲು ನಾಲ್ಕು ಗೋಡೆಯನ್ನೂ ಮುಗಿಸಿ, ಆಮೇಲೆ ಒಳಗಿನ ಗೀರು ಹಾಕಿದ್ದ. ಅವನಿಗೆ ಒಂದನೇ ಕ್ಲಾಸಿನ ಮೇಡಂ ಇರಲಿಲ್ಲ. ಕೈಯಲ್ಲಿದ್ದ ಚಿಪ್ಪಿನಲ್ಲಿ ಯಾವ ಗೆರೆ ಕಡೆಯದು ಎಂದು ಭೂತಗನ್ನಡಿಯಲ್ಲಿ ನಿಚ್ಚಳವಾಗಿ ಕಾಣಲಿಲ್ಲ. ಪಾಂಗನಿಗೆ ಅರಗು ಕಾಯಿಸಲು ಹೇಳಿ ಪೆಟ್ಟಿಗೆಗೆ ಮೊಹರು ಹಾಕಿಸಿದಳು.

ಮಂಗಳವಾರ ಸಂಜೆ ಜಿಲ್ಲಾ ಪೊಲೀಸ್ ಪ್ರಯೋಗಶಾಲೆಯ ವರದಿ ಬಂತು. ಚಿಪ್ಪು ಹಳೆಯದೇ, ಆದರೆ ಗೀರು ಹೊಸದು, ಹಳತಾಗಿ ಕಾಣಲೆಂದು ಚಹಾ ಡಿಕಾಕ್ಷನ್ ತಿಕ್ಕಲಾಗಿದೆ. ಕಡೆಯದಾಗಿ ಹಾಕಿದ್ದು ಕೆಳಗಿನ ಗೆರೆ. ಚಿಪ್ಪಿನ ಸಂದಿನಲ್ಲಿ ಸಿಕ್ಕಿದ್ದು ಹಳದಿ ಮಣ್ಣು. ಹೆಯೂ ಹಳ್ಳಿಯಲ್ಲಿ ಎಷ್ಟು ಅಗೆದರೂ ಸಿಗುವುದು ಕರಿಮಣ್ಣೇ. ಹಳದಿ ಮಣ್ಣಿಗೆ ಉತ್ತರಕ್ಕೆ ಹೋಗಬೇಕು, ಹಳದಿ ನದಿಯ ಕಡೆಗೆ.

"ಓಯಾಂಗ್ ಮೇಡಂ ಮೂಗಿಗೆ ಒಂದು ಪದಕ ಕೊಡ್ಬೇಕು," ಅಂದ ಪಾಂಗ್. "ಆದ್ರೆ ಅಕ್ಕ, ಅವರೇ ಯಾಕೆ ಬದಲಾಯಿಸಿರಬಾರದು? ಬೈರಿಗೆಯಿಂದ ಉಳಿಸ್ಕೊಳ್ಳೋಕೆ?"

"ಉಳಿಸ್ಕೊಳ್ಳೋಳು ಠಾಣೆಗೆ ಯಾಕೆ ಬರ್ತಾಳೆ? ಸುಮ್ನಿದ್ದಿದ್ರೆ ಬುಧವಾರ ನಕಲು ಕೊರೆದು ಹೋಗ್ತಿದ್ರು. ಆದ್ರೂ ಕೇಳೋಣ."

ಓಯಾಂಗ್ ಬಂದಳು, ಮಣ್ಣಿನ ಬೂಟಿನಲ್ಲೇ.

"ಕೊನೇ ಸಲ ಅಸಲಿ ನೋಡಿದ್ದು ಯಾವಾಗ?"

"ಮಾರ್ಚ್ ಕೊನೇಲಿ. ನಾನೇ ಹತ್ತಿ ಸುತ್ತಿ ಇಟ್ಟಿದ್ದು."

"ಆಮೇಲೆ ಪೆಟ್ಟಿಗೆ ತೆಗೆದೋರು?"

"ಒಂದೇ ಸಲ ತೆಗೆದಿದ್ದು. ಏಪ್ರಿಲ್ ಮೂರು. ಪ್ರೊಫೆಸರ್ ದೌ ವೈಚಿಂಗ್ ಬಂದಿದ್ರು, ಕೊರೆಯೋ ಜಾಗ ಗುರುತು ಮಾಡೋಕೆ."

ಹೆಸರು ಹೇಳುವಾಗ ಅವಳ ಬಾಯಿ ಹುಳಿಯಾಯಿತು. ದೌ ವೈಚಿಂಗ್ ಸಮಿತಿಯ ಅತಿ ಹಿರಿಯ ಸದಸ್ಯರು. ಒಂಟಿ ಗುರುತು ಅಕ್ಷರವಲ್ಲ ಎನ್ನುವ ನಿಯಮ ಬರೆದವರೇ ಅವರು, ಮೂವತ್ತು ವರ್ಷದ ಹಿಂದೆ. ಓಯಾಂಗ್ ಅವರ ಶಿಷ್ಯೆ. ಗುರುವಿನ ನಿಯಮವನ್ನು ಒಪ್ಪಲಿಲ್ಲ, ಅದಕ್ಕೇ ಹನ್ನೊಂದು ವರ್ಷ ಬಡ್ತಿ ಸಿಗಲಿಲ್ಲ.

"ಅವರು ನೋಡುವಾಗ ನೀವು ಪಕ್ಕದಲ್ಲಿದ್ರಾ?"

"ಬೀಗ ತೆಗೆದುಕೊಟ್ಟು ಗುಂಡಿ ಕಡೆ ಹೋದೆ. ಅವರ ಮುಖ ನೋಡೋಕೆ ನನಗಿಷ್ಟ ಇರ್ಲಿಲ್ಲ. ಛೈ ಮಾಮ ಇದ್ರು."

"ನಿಯಮ?"

"ಮುರಿದೆ. ಬರ್ಕೊಳ್ಳಿ."

ಪಾಂಗ್ ಅವಳನ್ನು ಕಳಿಸಿ ಬಂದು ತಲೆ ಕೆರೆದುಕೊಂಡ. "ಅಕ್ಕ, ಆ ಚಿಪ್ಪಿಗೆ ಮೂರು ಕಾಸಿನ ಬೆಲೆ ಇಲ್ಲ ಅಂತ ಪುಸ್ತಕದ ಮೇಲೆ ಪುಸ್ತಕ ಬರೆದ ಮನುಷ್ಯ ಅದನ್ನೇ ಕದೀತಾನಾ? ಮಾಂಸ ಮುಟ್ಟದ ಸನ್ಯಾಸಿ ಹಂದಿ ಕದ್ದ ಅಂದ ಹಾಗಾಯ್ತು."

"ಛೈ ಎಲ್ಲಿದಾನೆ?"

ಬುಧವಾರ ಬೆಳಗ್ಗೆ ಒಂಬತ್ತಕ್ಕೆ ಛೈ ಠಾಣೆಗೆ ಬಂದ. ಅರವತ್ತು ದಾಟಿದವನು, ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಟೋಪಿ. ಕೂರು ಅಂದರೂ ಕೂರಲಿಲ್ಲ.

"ಪ್ರೊಫೆಸರ್ ದೌ ಬಂದಾಗ ನೀನು ಅಲ್ಲೇ ಇದ್ಯಾ, ಛೈ ಅಣ್ಣ?"

"ಅಲ್ಲೇ ಇದ್ದೆ ಮೇಡಂ."

"ಅಷ್ಟು ಹೊತ್ತೂ?"

"ಕಣ್ಣು ಮಿಟುಕಿಸದೆ ಇದ್ದೆ. ನಿಯಮ ಅಂದ್ರೆ ನಿಯಮ."

"ಎಂಥಾ ಮನುಷ್ಯ ಅವರು?"

"ದೇವರಂಥಾ ಮನುಷ್ಯ. ಅಷ್ಟು ದೊಡ್ಡೋರು, ಛೈ ಅಣ್ಣ ಮೊಮ್ಮಕ್ಕಳು ಹೇಗಿದಾರೆ ಅಂತ ಕೇಳಿದ್ರು."

"ಚಹಾ ಕೊಟ್ಯಾ?"

ಛೈಗೆ ಅವಮಾನವಾಯಿತು. "ಏನ್ಮಾತು ಮೇಡಂ! ಎಪ್ಪತ್ತೊಂದು ವರ್ಷದ ಹಿರಿಯರು, ಅಷ್ಟು ದೂರದಿಂದ ಬಂದೋರು. ಬರಿಗಂಟಲಲ್ಲಿ ಕೂರಿಸ್ತೀನಾ? ಒಳ್ಳೇ ಮಾವ್‌ಜಿಯಾನ್ ಎಲೆ ಹಾಕಿ, ಕುದಿಕುದಿ ನೀರಲ್ಲಿ..."

"ಕುದಿಯೋ ನೀರು ಉಗ್ರಾಣದ ಒಳಗೆ ಇರುತ್ತಾ?"

ಛೈ ಬಾಯಿ ಮುಚ್ಚಿದ.

"ಹಂಡೆ ಎಲ್ಲಿದೆ, ಛೈ ಅಣ್ಣ?"

"ಹಿಂದಿನ ಅಂಗಳದಲ್ಲಿ."

"ಹೋಗಿ ಬರೋಕೆ?"

"ಫ್ಲಾಸ್ಕು ಖಾಲಿ ಇತ್ತು ಮೇಡಂ. ನೀರು ಕಾಯ್ಬೇಕಿತ್ತು." ಅವನು ಟೋಪಿ ಮೇಜಿನ ಮೇಲಿಟ್ಟ. "ಅವರು ಬೇಡ ಬೇಡ ಅಂದ್ರು. ನಾನೇ ಬಲವಂತ ಮಾಡಿದೆ."

ಗೆಂಗ್‌ಗೆ ಅವನ ಮೇಲೆ ಸಿಟ್ಟು ಬರಲಿಲ್ಲ. ತನ್ನಪ್ಪನೂ ಹೀಗೇ ಮಾಡುತ್ತಿದ್ದ, ಮನೆಗೆ ಬಂದ ಕಳ್ಳನಿಗೂ ಮೊದಲು ನೀರು ಕಾಯಿಸುತ್ತಿದ್ದ. ಉಗ್ರಾಣದ ಎರಡು ಬೀಗಗಳಲ್ಲಿ ಒಂದನ್ನು ದ್ವೇಷ ತೆರೆದಿತ್ತು, ಇನ್ನೊಂದನ್ನು ಗೌರವ. ಅವಳು ಹೇಳಿಕೆಗೆ ಅವನ ಸಹಿ ಹಾಕಿಸಿಕೊಂಡಳು.

ಅಷ್ಟರಲ್ಲಿ ಸಮಿತಿಯ ಪ್ರಯೋಗಶಾಲೆಯವರು ಬೈರಿಗೆ ಸಮೇತ ಹೆಯೂಗೆ ಬಂದು, ಚಿಪ್ಪಿನ ಬದಲು ಜಪ್ತಿ ಚೀಟಿ ನೋಡಿ ವಾಪಸು ಹೋಗಿದ್ದರು. ಲುವಾನ್ ಮೂರು ಸಲ ಫೋನು ಮಾಡಿದ್ದ. ಗೆಂಗ್ ಮೂರನೆಯದನ್ನು ಎತ್ತಿದಳು.

"ಯಾರ ಮನೆ ಬಾಗಿಲು ತಟ್ಟೋಕೆ ಹೊರಟಿದೀಯ ಗೊತ್ತಾ? ಅವರ ಶಿಷ್ಯರು ಸಚಿವಾಲಯದಲ್ಲಿದಾರೆ."

"ಗೊತ್ತು ಸಾರ್. ಎಂಟು ಸಾವಿರ ವರ್ಷದ ಮುದುಕನಿಗೆ ಯಾವ ಸಚಿವಾಲಯದಲ್ಲೂ ಶಿಷ್ಯರಿಲ್ಲ. ಅವನ ದೂರು ನಾನು ನೋಡ್ಬೇಕು."

ಶೋಧನಾ ವಾರಂಟು ಗುರುವಾರ ಬಂತು. ಅದೇ ಮಧ್ಯಾಹ್ನದ ರೈಲಿಗೆ ಗೆಂಗ್ ಮತ್ತು ಪಾಂಗ್ ದೌ ಅವರ ಊರಾದ ಝೆಂಗ್‌ಝೌಗೆ ಹೋದರು. ವಿಶ್ವವಿದ್ಯಾಲಯದ ಹಳೆಯ ವಸತಿಗೃಹ, ನಾಲ್ಕನೇ ಮಹಡಿ. ಬಾಗಿಲು ತೆಗೆದ ದೌ ಅವರ ಹೆಂಡತಿ, ಗ್ಯಾಸ್ ಮೀಟರ್ ನೋಡುವವರೆಂದು ತಿಳಿದು ಅಡಿಗೆಮನೆಗೆ ಕರೆದೊಯ್ದರು. ದೌ ಅಲ್ಲಿ ಬೆಳ್ಳುಳ್ಳಿ ಸುಲಿಯುತ್ತಿದ್ದರು. ಸಣಕಲು ದೇಹ, ಬಿಳಿ ಹುಬ್ಬು. ಸಮವಸ್ತ್ರ ನೋಡಿ ಚಾಕು ಪಕ್ಕಕ್ಕಿಟ್ಟರು.

"ಬೈಗುವಾನಿಂದನಾ? ಸೋಮವಾರವೇ ಬರ್ತೀರಿ ಅಂದ್ಕೊಂಡಿದ್ದೆ."

"ಏನ್ರೀ ಇದು?" ಹೆಂಡತಿ ಕೇಳಿದರು.

"ಏನಿಲ್ಲ. ಮಂಚದ ಕೆಳಗೆ ಅಕ್ಕಿ ಕುಕ್ಕರಿನ ರಟ್ಟಿನ ಡಬ್ಬ ಇದೆಯಲ್ಲ, ಅದನ್ನ ತಾ. ಅಲುಗಾಡಿಸಬೇಡ."

ಅವರದೇ ಹಳೆಯ ಉಣ್ಣೆ ಅಂಗಿಯಲ್ಲಿ ಸುತ್ತಿದ ಚಿಪ್ಪು ಹೊರಗೆ ಬಂತು. ಪಾಂಗ್ ಪಕ್ಕದ ಮನೆಯ ಇಬ್ಬರನ್ನು ಪಂಚರಾಗಿ ಕರೆತಂದ. ಗೆಂಗ್ ಕೈಗವಸು ಹಾಕಿಕೊಂಡು ಚಿಪ್ಪಿನ ಮೇಲೆ ಉಸಿರು ಬಿಟ್ಟಳು. ಕೆರೆ ತಳದ ವಾಸನೆ ಹೊಡೆಯಿತು.

"ನನ್ನನ್ನ ಹಿಡಿದದ್ದು ಹೇಗೆ?" ದೌ ಕೇಳಿದರು. "ಮಣ್ಣಿಂದನಾ? ಅದು ನಮ್ಮ ಹಳೇ ಉತ್ಖನನದ ಚಿಪ್ಪು. ತೊಳೆಯೋಕೆ ಹೊತ್ತಾಗ್ಲಿಲ್ಲ."

"ಮಣ್ಣು ಆಮೇಲೆ. ನೀವು ಬಾಗಿಲನ್ನ ಕೊನೇಲಿ ಮುಚ್ಚಿದ್ರಿ, ಮೇಷ್ಟ್ರೇ. ಒಳಗಿನೋರನ್ನ ಮೊದ್ಲು ಕರ್ಕೊಂಡ್ರಿ."

ಅವರು ಅರೆಕ್ಷಣ ಬೆಪ್ಪಾಗಿ ನೋಡಿದರು. ಆಮೇಲೆ ನಕ್ಕರು, ಕೆಮ್ಮು ಬರುವವರೆಗೂ ನಕ್ಕರು. "ಆಕಾರ ಕೂದಲೆಳೆ ತಪ್ಪದ ಹಾಗೆ ಕೂರಿಸಿದೆ. ಕೈ ಮಾತ್ರ ಒಂದನೇ ಕ್ಲಾಸಲ್ಲೇ ಉಳೀತು ನೋಡಿ! ಅರವತ್ತೈದು ವರ್ಷದ ಹಿಂದಿನ ಮೇಡಮ್ಮು ಇವತ್ತು ಹಿಡ್ಕೊಟ್ಟಳು."

ಹೆಂಡತಿಗೆ ನಗು ಬರಲಿಲ್ಲ. "ಜೈಲಿಗೆ ಹೋಗೋ ವಯಸ್ಸಾ ಇದು? ಅದು ಬರೀ ಗೀರು ಅಂತ ನೀವೇ ಊರೆಲ್ಲ ಸಾರಿದ್ರಲ್ಲ! ಗೀರನ್ನ ಯಾಕೆ ಕದ್ರಿ?"

ದೌ ಗೆಂಗ್ ಕೈಗೆ ತಮ್ಮ ಭೂತಗನ್ನಡಿ ಕೊಟ್ಟರು. "ಚೌಕದ ಎಡಕ್ಕೆ, ನುಣ್ಣಗಿರೋ ಕಡೆ ನೋಡಿ. ಓರೆಯಾಗಿ ಹಿಡೀರಿ. ಏನು ಕಾಣುತ್ತೆ?"

ಕಿಟಕಿಯ ಬೆಳಕಿಗೆ ಹಿಡಿದಾಗ ಸಮತಟ್ಟು ಜಾಗದಲ್ಲಿ ಬಹಳ ಮಾಸಲಾಗಿ ಇನ್ನೊಂದು ಚೌಕ ಕಂಡಿತು. ಗೋಡೆಯೊಂದು ಅಡ್ಡಾದಿಡ್ಡಿ ಹೋಗಿತ್ತು. ಅದರ ಮೇಲೆ ಯಾರೋ ಕಲ್ಲಿನಿಂದ ಉಜ್ಜಿ ಉಜ್ಜಿ ಅಳಿಸಿದ್ದರು.

"ಕೊರೆದು ಅಳಿಸಿದ ಹಾಗಿದೆ."

"ಹಾಗೇ. ಮೊದಲನೇ ಸಲ ಕೈ ಜಾರಿತು. ಆ ಪುಣ್ಯಾತ್ಮ ಅಷ್ಟಕ್ಕೇ ಬಿಡಲಿಲ್ಲ. ಉಜ್ಜಿ ಅಳಿಸಿ, ಪಕ್ಕದಲ್ಲಿ ಮತ್ತೆ ಬರೆದ." ದೌ ಆ ಜಾಗಕ್ಕೆ ಬೆರಳು ತೋರಿಸಿದರು. "ಬೇಜಾರಾಗಿ ಗೀರೋನು ಯಾವತ್ತಾದ್ರೂ ಅಳಿಸ್ತಾನಾ ಮೇಡಂ? ಗೀರಿಗೆ ತಪ್ಪು ಅನ್ನೋದೇ ಇಲ್ಲ. ಇದು ತಪ್ಪು ಅಂತ ಅವನಿಗೆ ಅನ್ನಿಸ್ಬೇಕಾದ್ರೆ ಸರಿ ಅನ್ನೋದು ಒಂದು ಇತ್ತು. ಅವನ ಊರಿಗೆಲ್ಲ ಗೊತ್ತಿತ್ತು, ಇದನ್ನ ಹೀಗೇ ಬರೀಬೇಕು ಅಂತ. ಅದನ್ನ ಅಕ್ಷರ ಅನ್ನದೆ ಇನ್ನೇನಂತೀರಿ?"

ಗೆಂಗ್ ಚಿಪ್ಪನ್ನು ಮತ್ತೆ ಬೆಳಕಿಗೆ ಹಿಡಿದಳು. ಇಷ್ಟೊಂದು ಹಳೆಯ ಮನುಷ್ಯನೊಬ್ಬ ಕೈ ಜಾರಿ ಬೇಸರಪಟ್ಟುಕೊಂಡದ್ದನ್ನು ಅವಳು ಯಾವತ್ತೂ ಇಷ್ಟು ಹತ್ತಿರದಿಂದ ನೋಡಿರಲಿಲ್ಲ.

"ಸಮಿತಿಗೆ ಹೇಳ್ಬಹುದಿತ್ತಲ್ಲ?" ಅವಳು ಕೇಳಿದಳು.

"ಮಾರ್ಚಲ್ಲಿ ಹೊಸ ಫೋಟೋಗಳು ಬಂದಾಗ ಸಂಶಯ ಬಂತು. ಅಧ್ಯಕ್ಷರಿಗೆ ಹೇಳಿದೆ, ನಾವು ಕೊರೀಬೇಕು ಅಂತಿರೋ ಖಾಲಿ ಜಾಗ ಇದೆಯಲ್ಲ, ಅದು ಖಾಲಿ ಅಲ್ಲ ಅಂತ. ಅವರು ನನ್ನ ನಿಯಮದ ಪುಟ ತೆಗೆದು ನನಗೇ ಓದಿ ಹೇಳಿದ್ರು. ಅಸ್ಪಷ್ಟ ಗುರುತುಗಳನ್ನು ಪರಿಗಣಿಸತಕ್ಕದ್ದಲ್ಲ. ವಾಕ್ಯ ನನ್ನದೇ, ಪೂರ್ಣವಿರಾಮನೂ ನನ್ನದೇ. ಮುದುಕನಿಗೆ ಅರಳುಮರಳು ಅಂತ ಬೆನ್ನ ಹಿಂದೆ ನಕ್ಕರಂತೆ. ಅದಕ್ಕೇ ನಕಲು ಮಾಡ್ಕೊಂಡೇ ಹೆಯೂಗೆ ಹೋದೆ. ಕೈಯಲ್ಲಿ ಹಿಡಿದು ಹೆಬ್ಬೆರಳು ಆಡಿಸಿದ ಮೇಲೆ ಸಂಶಯಾನೂ ಉಳೀಲಿಲ್ಲ."

"ಕಳ್ಳತನ ಮಾಡೋಕೇ ಹೋದದ್ದು ಅಂತ ಒಪ್ಕೊಳ್ತೀರಾ?"

"ಒಪ್ಕೊಳ್ದೆ! ನಕಲನ್ನ ಕೊರೆದುಕೊಂಡು ಹೋಗ್ಲಿ, ಆಮೇಲೆ ಸಭೇಲಿ ಅಸಲಿ ಇಟ್ಟು ಎಲ್ಲರ ಮುಖ ನೋಡೋಣ ಅಂತಿದ್ದೆ. ಓಯಾಂಗ್ ಮೂಗು ಇಷ್ಟು ಚುರುಕು ಅಂತ ಗೊತ್ತಿರ್ಲಿಲ್ಲ."

ಸಂಜೆ ಐದೂವರೆಗೆ ಬಂಧನ. ಹೆಂಡತಿ ಉಣ್ಣೆ ಅಂಗಿಯನ್ನು ಕೊಡವಿ, ಬೈಯುತ್ತಲೇ ಅವರಿಗೆ ತೊಡಿಸಿದರು.

ಮರುದಿನ ಬೈಗುವಾನ್ ಠಾಣೆಯಲ್ಲಿ ಹೇಳಿಕೆ ಪಡೆಯುವುದಿತ್ತು. ಅದಕ್ಕೆ ಮೊದಲು ಓಯಾಂಗ್ ಬಂದು ಗೆಂಗಳ ಕೋಣೆಯ ಬಾಗಿಲು ಹಾಕಿಕೊಂಡಳು.

"ವಕೀಲರನ್ನ ಕೇಳ್ದೆ. ಪ್ರಾಣಿ ಅವಶೇಷ ಕದ್ದಿದ್ರೆ ಶಿಕ್ಷೆ ಚಿಕ್ಕದಂತೆ, ವಯಸ್ಸು ನೋಡಿ ಮನೇಲೇ ಇರೋಕೂ ಬಿಡಬಹುದು. ಮೊದಲ ದರ್ಜೆ ಪ್ರಾಚೀನ ಬರಹ ಕದ್ದಿದ್ರೆ ಹತ್ತು ವರ್ಷಕ್ಕೆ ಕಡಿಮೆ ಇಲ್ಲ. ಯಾವುದು ಅಂತ ಕೋರ್ಟು ನನ್ನನ್ನ ಕೇಳುತ್ತೆ."

"ಕೇಳುತ್ತೆ."

"ಹದಿನಾಲ್ಕು ವರ್ಷದಿಂದ ಇಂಥ ಗುರುತುಗಳನ್ನ ಅಕ್ಷರ ಅಂತಲೇ ಹೇಳ್ಕೊಂಡು ಬಂದಿದೀನಿ. ಯಾರೂ ಕಿವಿ ಕೊಡ್ಲಿಲ್ಲ. ಈಗ ಕೇಳೋಕೆ ಬರ್ತಾರೆ, ಹೌದು ಅಂದ್ರೆ ಆ ಮುದುಕ ಜೈಲಲ್ಲೇ ಸಾಯ್ತಾನೆ." ಅವಳ ಕಣ್ಣು ಕೆಂಪಾಗಿತ್ತು. "ಅವರನ್ನ ಕಂಡ್ರೆ ನನಗಾಗಲ್ಲ ಮೇಡಂ. ಆದ್ರೂ..."

ಗೆಂಗ್ ಎದ್ದಳು. ಅವಳನ್ನು ವಿಚಾರಣಾ ಕೋಣೆಗೆ ಕರೆದುಕೊಂಡು ಹೋದಳು, ವಸ್ತುವನ್ನು ಗುರುತಿಸುವ ಶಾಸ್ತ್ರ ಹೇಗೂ ಆಗಬೇಕಿತ್ತು. ಗುರು ಶಿಷ್ಯೆ ಎದುರುಬದುರಾದರು. ದೌ ಅವಳ ಮುಖ ನೋಡಿದ ತಕ್ಷಣ ವಿಷಯ ಊಹಿಸಿದರು.

"ಓಯಾಂಗ್, ನನ್ನ ಮೇಲೆ ಕನಿಕರ ಗಿನಿಕರ ಬಂದಿದೆಯಾ?"

ಅವ‍ಳು ಮುಖ ತಿರುಗಿಸಿದಳು.

"ಹನ್ನೊಂದು ವರ್ಷ ನಿನ್ನ ಬಡ್ತಿ ತಡೆದೋನು ನಾನು. ಆವಾಗ ನೀನು ಒಂದು ದಿನಾನೂ ಮಾತು ಬದಲಿಸ್ಲಿಲ್ಲ. ನಾನು ಹೆದರಿಸಿದ್ರೂ ಬದಲಿಸ್ದೇ ಇದ್ದೋಳು, ಈಗ ನಾನು ಜೈಲಿಗೆ ಹೋಗ್ತೀನಿ ಅಂತ ಬದಲಿಸಿದ್ಯೋ, ಇನ್ಮೇಲೆ ನನ್ನ ಶಿಷ್ಯೆ ಅಂತ ಹೇಳ್ಕೋಬೇಡ."

"ನಾನು ಯಾವಾಗ ಹೇಳ್ಕೊಂಡಿದ್ದೆ?" ಓಯಾಂಗ್ ಕಣ್ಣೊರೆಸಿಕೊಂಡು ಚುಚ್ಚಿದಳು.

"ಹಾಂ, ಹೀಗಿರು," ಅಂದರು ದೌ. "ಎಡಗಡೆ ಅಳಿಸಿರೋದನ್ನ ನೋಡಿದ್ಯಾ?"

"ನೋಡಿದೆ. ಮೂರು ವರ್ಷ ನನ್ನ ಕೈಲೇ ಇತ್ತು. ಸವೆದದ್ದು ಅಂತ ಬಿಟ್ಟಿದ್ದೆ."

"ಈಗ ಬಿಡಬೇಡ. ಪ್ರಕರಣ ಮುಗಿಯೋವರೆಗೂ ಅದು ಸಾಕ್ಷ್ಯ. ಅಲ್ವಾ ಮೇಡಂ? ಸಾಕ್ಷ್ಯಕ್ಕೆ ಯಾವ ಅಧ್ಯಕ್ಷನೂ ಬೈರಿಗೆ ಹಾಕೋಕಾಗಲ್ಲ. ಅಷ್ಟರೊಳಗೆ ಬರೆದು ಮುಗಿಸು."

ಓಯಾಂಗ್ ಹೋದ ಮೇಲೆ ಪಾಂಗ್ ಹೇಳಿಕೆಯನ್ನು ಗಟ್ಟಿಯಾಗಿ ಓದಿದ. ಹೆಸರು, ವಯಸ್ಸು, ವಿಳಾಸ ಆಯಿತು. ಕದ್ದ ವಸ್ತುವಿನ ವಿವರ ಬಂತು. "ಗೀರುಗಳಿರುವ ಒಂದು ಆಮೆಚಿಪ್ಪು..."

"ನಿಲ್ಲಿಸಪ್ಪ," ಅಂದರು ದೌ. "ಅದು ತಪ್ಪು."

"ಸಮಿತಿ ವರದೀಲಿ ಹಾಗೇ ಇದೆ ಮೇಷ್ಟ್ರೇ. ನಿಮ್ಮದೇ ಸಹಿ ಇದೆ," ಅಂದ ಪಾಂಗ್. ಅವನ ದನಿಯಲ್ಲಿ ಬೇಡಿಕೆ ಇತ್ತು.

ಗೆಂಗ್ ಕುರ್ಚಿ ಎಳೆದುಕೊಂಡು ಅವರ ಎದುರು ಕೂತಳು. "ನಾನು ಹೇಳಬಾರದು, ಆದ್ರೂ ಹೇಳ್ತೀನಿ. ಈ ಮಾತು ಹೀಗೇ ಇದ್ರೆ ನಿಮ್ಮ ವರದಿಯೇ ನಿಮ್ಮನ್ನ ಉಳಿಸುತ್ತೆ. ತಿದ್ದಿದ್ರೆ ನಾಳೆ ಯಾರೂ ನಿಮಗೆ ಸಹಾಯ ಮಾಡೋಕಾಗಲ್ಲ. ಓಯಾಂಗ್ ಏನೇ ಹೇಳ್ಲಿ, ನೀವೇ ಒಪ್ಕೊಂಡ ಹಾಗಾಗುತ್ತೆ. ನಿಮ್ಮ ಹೆಂಡತಿ ನೆನೆಸ್ಕೊಳ್ಳಿ."

ದೌ ಅವರಿಗೆ ಭಯವಿರಲಿಲ್ಲ ಎಂದಲ್ಲ. ಮೇಜಿನ ಅಂಚನ್ನು ಬಿಟ್ಟಿರಲಿಲ್ಲ.

"ಅವಳು ಬೈತಾಳೆ. ನಲವತ್ತು ವರ್ಷದಿಂದ ಬೈತಿದಾಳೆ," ಅಂದರು. "ಮೇಡಂ, ಮೂವತ್ತು ವರ್ಷ ಸುಖವಾಗಿ ಕೂತು ತಪ್ಪು ಬರೆದೆ. ಅದಕ್ಕೆ ನನಗೆ ಹಾರ ಹಾಕಿದ್ರು. ಈಗ ಸರಿ ಬರೆಯೋಕೆ ಹತ್ತು ವರ್ಷ ಅಂದ್ರೆ ಹತ್ತು ವರ್ಷ. ಪೆನ್ನು ಕೊಡಿ."

ಪಾಂಗ್ ಗೆಂಗ್ ಕಡೆ ನೋಡಿದ. ಅವಳು ತಲೆಯಾಡಿಸಿದಳು. ದೌ 'ಗೀರುಗಳಿರುವ' ಎನ್ನುವುದರ ಮೇಲೆ ಒಂದು ಗೆರೆ ಎಳೆದರು. ಪಕ್ಕದಲ್ಲಿ ಸ್ಫುಟವಾಗಿ 'ಅಕ್ಷರವಿರುವ' ಎಂದು ಬರೆದರು. ಹೇಳಿಕೆಯಲ್ಲಿ ತಿದ್ದಿದ ಕಡೆಯೆಲ್ಲ ಹೆಬ್ಬೆಟ್ಟು ಒತ್ತಬೇಕು, ಇಲ್ಲದಿದ್ದರೆ ತಿದ್ದುಪಡಿ ನಿಲ್ಲುವುದಿಲ್ಲ. ಕೆಂಪು ಮಸಿಯ ಡಬ್ಬಿಯನ್ನು ಅವರೇ ಹತ್ತಿರಕ್ಕೆ ಎಳೆದುಕೊಂಡು, ಹೆಬ್ಬೆರಳು ಅದ್ದಿ, ಆ ಮಾತಿನ ಮೇಲೆ ಬಲವಾಗಿ ಒತ್ತಿದರು.

ಫೋನು ಬಂತು. ಲುವಾನ್.

"ಏನಂತ ಬರ್ಕೊಟ್ಟ?"

"ಅಕ್ಷರ ಅಂತ ಬರ್ಕೊಟ್ಟಿದಾರೆ ಸಾರ್."

"ಹುಚ್ಚಾ ಅವನಿಗೆ? ಸಮಿತಿಯೋರು ಕುಣೀತಾರೆ. ಆ ಹಾಳೆ ಹರಿದು ಬೇರೆ ಬರೆಸು."

"ಹೆಬ್ಬೆಟ್ಟು ಬಿದ್ದಿದೆ ಸಾರ್," ಅಂದು ಗೆಂಗ್ ಫೋನು ಇಟ್ಟಳು.

ದೌ ಅವರನ್ನು ಕೆಳಗೆ ಕರೆದೊಯ್ದ ಮೇಲೆ ಪಾಂಗ್ ದೋಷಾರೋಪ ಪಟ್ಟಿಯ ಕರಡು ತುಂಬುತ್ತ ಕೂತ. ಕೃತ್ಯದ ಉದ್ದೇಶ ಎನ್ನುವ ಅಂಕಣಕ್ಕೆ ಬಂದಾಗ ಪೆನ್ನು ನಿಂತಿತು.

"ಇಲ್ಲೇನು ಬರೀಲಿ ಅಕ್ಕ? ಆಸೆ ಅಲ್ಲ, ದ್ವೇಷ ಅಲ್ಲ, ಹೆಸರಿಗೂ ಅಲ್ಲ."

ಗೆಂಗ್ ಹಾಳೆಯನ್ನು ತನ್ನ ಕಡೆ ತಿರುಗಿಸಿಕೊಂಡು ತಾನೇ ಬರೆದಳು: 'ಆರೋಪಿಯು ತಾವು ಹಿಂದೆ ಬರೆದಿದ್ದ ತಪ್ಪನ್ನು ತಿದ್ದುವ ಸಲುವಾಗಿ ಈ ಕೃತ್ಯ ಎಸಗಿರುತ್ತಾರೆ.'

ಪಾಂಗ್ ಎರಡು ಸಲ ಓದಿದ. "ಕಾನೂನಲ್ಲಿ ಇಂಥ ಉದ್ದೇಶ ಇದೆಯಾ?"

"ಇಲ್ಲ," ಅಂದಳು ಗೆಂಗ್. "ಹಾಗೇ ಕಳಿಸು."